ಮೂಗಿನಲ್ಲಿ ಅಣಬೆ ಬೆಳೆಯುತ್ತದೆಯೇ? ಪ್ರೊಫೆಸರ್ ಆಶ್‌ವರ್ತ್ ಮತ್ತು ಯಾವ ಪಟ್ಟಿಗೂ ಸೇರದ ಒಂದು ಜೀವಿ

ಮೂಗಿನೊಳಗೆ ಕೆಂಪು ಗಡ್ಡೆಯೊಂದು ಬೆಳೆದಿರುವ ಫೋಟೋ. ಅದರ ಕೆಳಗೆ, ಕೆರೆಯಲ್ಲಿ ಮಿಂದರೆ ಮೂಗಿನಲ್ಲಿ ಅಣಬೆ ಹುಟ್ಟುತ್ತದೆ, ಕೂಡಲೇ ಎಲ್ಲರಿಗೂ ತಿಳಿಸಿ ಎಂಬ ಬರಹ. ಇಂತಹ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ, ಹಾಗೆಂದು ಪೂರ್ತಿ ನಿಜವೂ ಅಲ್ಲ. ಕಾಯಿಲೆ ಇರುವುದು ನಿಜ. ಅದರ ಹೆಸರು ರೈನೋಸ್ಪೋರಿಡಿಯೋಸಿಸ್. ಜಗತ್ತಿನಲ್ಲಿ ಇದರ ರೋಗಿಗಳು ಹೆಚ್ಚಾಗಿ ಸಿಗುವುದು ಭಾರತ ಮತ್ತು ಶ್ರೀಲಂಕಾದಲ್ಲೇ. ಮಂಗಳೂರು ಕಡೆಯ ಇಎನ್‌ಟಿ ವೈದ್ಯರಿಗೂ ಇದು ಹೊಸದಲ್ಲ. ಆದರೆ ಬೆಳೆಯುವುದು ಅಣಬೆಯಲ್ಲ. ಶಿಲೀಂಧ್ರವೂ ಅಲ್ಲ.

(ರೈನೋ ಎಂದಾಕ್ಷಣ ಘೇಂಡಾಮೃಗ ನೆನಪಾಗುತ್ತದೆ, ಅಲ್ಲವೇ? ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಮೂಗು ಎಂದೇ ಅರ್ಥ. ಘೇಂಡಾಮೃಗಕ್ಕೆ ಆ ಹೆಸರು ಬಂದದ್ದು ಮೂಗಿನ ಮೇಲಿನ ಕೊಂಬಿನಿಂದ. ಈ ಕಾಯಿಲೆಗೂ ಅದಕ್ಕೂ ಬೇರೆ ನಂಟಿಲ್ಲ.)

ಹಾಗಾದರೆ ಇದನ್ನು ಶಿಲೀಂಧ್ರ ಎಂದು ಹೇಳಿದ್ದು ಯಾರು? ವಾಟ್ಸಾಪ್‌ನವರಂತೂ ಅಲ್ಲ. ಹೇಳಿದ್ದು ತನ್ನ ಕಾಲದ ಹೆಸರಾಂತ ಪ್ರಾಣಿವಿಜ್ಞಾನಿ, ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜೇಮ್ಸ್ ಹಾರ್ಟ್‌ಲಿ ಆಶ್‌ವರ್ತ್. 1923ರಲ್ಲಿ ಅವರು ಹೇಳಿದ ಮಾತು ಹೆಚ್ಚುಕಡಿಮೆ 75 ವರ್ಷ ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ ಉಳಿಯಿತು.

ಇಟ್ಟಿಗೆಯ ಊರಿನ ಹುಡುಗ

ಆಶ್‌ವರ್ತ್ ಹುಟ್ಟಿದ್ದು 1874ರ ಮೇ 2ರಂದು, ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯದ ಆಕ್ರಿಂಗ್ಟನ್ ಎಂಬ ಊರಿನಲ್ಲಿ. ಮಂಗಳೂರಿಗೆ ಹಂಚು ಹೇಗೆ ಹೆಸರು ತಂದುಕೊಟ್ಟಿತೋ ಹಾಗೆ ಆಕ್ರಿಂಗ್ಟನ್‌ಗೆ ಹೆಸರು ತಂದದ್ದು ಅಲ್ಲಿನ ಗಟ್ಟಿ ಕೆಂಪು ಇಟ್ಟಿಗೆ. ಸುತ್ತಮುತ್ತಲೆಲ್ಲ ಹತ್ತಿ ಗಿರಣಿಗಳು. ಹುಡುಗ ಓದಿದ್ದು ಮ್ಯಾಂಚೆಸ್ಟರ್‌ನ ಓವೆನ್ಸ್ ಕಾಲೇಜಿನಲ್ಲಿ. ಅಲ್ಲಿ ಹವಳದ ಜೀವಿಗಳನ್ನು ಅಧ್ಯಯನ ಮಾಡುತ್ತಿದ್ದ ಸಿಡ್ನಿ ಹಿಕ್ಸನ್ ಅವರ ಗರಡಿಯಲ್ಲಿ ಪಳಗಿ, ಗುರುವಿನ ಹೆಸರಿಟ್ಟ ಒಂದು ಮೃದು ಹವಳದ ಒಳರಚನೆಯ ಬಗ್ಗೆ 1899ರಲ್ಲಿ ಬರೆದರು.

1901ರಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬೆನ್ನೆಲುಬಿಲ್ಲದ ಪ್ರಾಣಿಗಳ ಪಾಠ ಮಾಡುವ ಕೆಲಸ ಸಿಕ್ಕಿತು. ಮುಂದಿನ 35 ವರ್ಷ ಅವರು ಆ ಊರು ಬಿಡಲಿಲ್ಲ.

ಅವರಿಗೆ ಹೆಸರು ತಂದುಕೊಟ್ಟದ್ದು ಒಂದು ಹುಳು. ಸಮುದ್ರದ ಇಳಿತದ ಹೊತ್ತಿನಲ್ಲಿ ತಂಪು ದೇಶಗಳ ಮರಳ ದಂಡೆಯಲ್ಲಿ ನಡೆದರೆ ಸುರುಳಿ ಸುರುಳಿಯಾದ ಮಣ್ಣಿನ ಗುಪ್ಪೆಗಳು ಕಾಣುತ್ತವೆ. ಅದರಡಿ ಎರೆಹುಳದ ದೂರದ ಬಂಧುವಾದ ಅರೆನಿಕೋಲ ಎಂಬ ಹುಳು ಇರುತ್ತದೆ. ಗಾಳ ಹಾಕುವವರು ಅದನ್ನು ಅಗೆದು ಕೊಕ್ಕೆಗೆ ಸಿಕ್ಕಿಸುತ್ತಾರೆ. ಆಶ್‌ವರ್ತ್ ಅದನ್ನೇ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಇಟ್ಟು, ವರ್ಷಗಟ್ಟಲೆ ನೋಡಿದರು. 1904ರಲ್ಲಿ ಆ ಹುಳುವಿನ ಮೇಲೆ ಒಂದು ಪುಸ್ತಕವೇ ಬಂತು. ಸಮುದ್ರದ ಹುಳುಗಳಲ್ಲಿರುವ ದೈತ್ಯ ನರಕೋಶಗಳ ಬಗ್ಗೆಯೂ ಅವರು ಕೆಲಸ ಮಾಡಿದರು. 1917ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು, 1919ರಲ್ಲಿ ಪ್ರೊಫೆಸರ್ ಆದರು.

ಈ ವಿವರ ಯಾಕೆ ಹೇಳಿದೆನೆಂದರೆ, ಆಶ್‌ವರ್ತ್ ಅವರ ನಿಜವಾದ ಶಕ್ತಿ ಇದ್ದದ್ದು ಇಲ್ಲೇ. ದೊಡ್ಡ ಸಿದ್ಧಾಂತ ಕಟ್ಟಿದವರಲ್ಲ ಅವರು. ಒಂದು ತುಂಡು ಅಂಗಾಂಶವನ್ನು ಸಾಲಾಗಿ ಸಾವಿರ ಪದರ ಮಾಡಿ, ಒಂದನ್ನೂ ಬಿಡದೆ ನೋಡುವ ತಾಳ್ಮೆ ಅವರದು. ಮೂಗಿನ ಗಡ್ಡೆಯ ಗುಟ್ಟು ಬಿಡಿಸಲು ಬೇಕಾಗಿದ್ದುದೂ ಅದೇ.

ಬ್ಯೂನಸ್ ಐರಿಸ್, ಕಲ್ಕತ್ತಾ, ಎಡಿನ್‌ಬರ್ಗ್

ಈ ಜೀವಿಯನ್ನು ಮೊದಲು ಲೋಕಕ್ಕೆ ವಿವರಿಸಿದ್ದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಗಿಲ್ಲೆರ್ಮೊ ಸೀಬೆರ್, 1900ರಲ್ಲಿ, ತನ್ನ ಪ್ರಬಂಧದಲ್ಲಿ. ಮೂಗಿನ ಗಡ್ಡೆಯೊಳಗೆ ಗುಂಡಗಿನ ಚೀಲಗಳು, ಚೀಲಗಳೊಳಗೆ ಸಾವಿರಾರು ಸಣ್ಣ ಕಣಗಳು ಕಂಡವು. ಮಲೇರಿಯಾ ರೋಗಾಣುವಿನ ಗುಂಪಿಗೆ ಸೇರಿದ ಪರಾವಲಂಬಿ ಇರಬೇಕು ಎಂದು ಅವರು ಎಣಿಸಿದರು. ಆಗಿನ ಲೆಕ್ಕದಲ್ಲಿ ಅದು ಏಕಕೋಶ ಪ್ರಾಣಿ. ಇತ್ತ ಕಲ್ಕತ್ತಾದಲ್ಲೂ ಓ'ಕಿನೀಲಿ ಎಂಬ ವೈದ್ಯರಿಗೆ ಇಂಥದೇ ಗಡ್ಡೆ ಸಿಕ್ಕಿತ್ತು. ಅದನ್ನು ಪರೀಕ್ಷಿಸಿದ ಇಂಗ್ಲೆಂಡಿನ ಮಿಂಚಿನ್ ಮತ್ತು ಫ್ಯಾಂತಮ್ 1905ರಲ್ಲಿ ರೈನೋಸ್ಪೋರಿಡಿಯಂ ಎಂಬ ಹೆಸರು ಕೊಟ್ಟರು. ಅವರೂ ಅದನ್ನು ಏಕಕೋಶ ಪ್ರಾಣಿಗಳ ಸಾಲಿಗೇ ಸೇರಿಸಿದರು.

ಎಡಿನ್‌ಬರ್ಗ್‌ನಲ್ಲಿದ್ದ ಭಾರತೀಯ ವಿದ್ಯಾರ್ಥಿಯೊಬ್ಬನ ಮೂಗಿನಲ್ಲೂ ಇದೇ ಗಡ್ಡೆ ಕಾಣಿಸಿಕೊಂಡಿತು. ಚಿಕಿತ್ಸೆ ಮಾಡಿದವರು ಅಲ್ಲಿನ ಕಿವಿ-ಮೂಗು-ಗಂಟಲು ತಜ್ಞ ಲೋಗನ್ ಟರ್ನರ್. ಕತ್ತರಿಸಿ ತೆಗೆದ ಗಡ್ಡೆ ಆಶ್‌ವರ್ತ್ ಮೇಜಿಗೆ ಬಂತು. ಈ ಕಾಯಿಲೆಯ ಕುರಿತ ಇಷ್ಟು ದೊಡ್ಡ ಅಧ್ಯಾಯಕ್ಕೆ ಕಾರಣನಾದವನು, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ ಮೂಗು ಕಟ್ಟಿಕೊಂಡು ಓದುತ್ತಿದ್ದ ಒಬ್ಬ ಹುಡುಗ.

ಆಶ್‌ವರ್ತ್ ಆ ಜೀವಿಯ ಇಡೀ ಜೀವನವನ್ನು ಹಂತ ಹಂತವಾಗಿ ಬಿಡಿಸಿಟ್ಟರು. ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕದಾದ ಒಂದು ಕಣ. ಅದು ಮೂಗಿನ ಒಳಪೊರೆಯಡಿ ಕುಳಿತು ಬೆಳೆಯುತ್ತದೆ. ಗೋಡೆ ದಪ್ಪವಾಗುತ್ತದೆ. ಒಳಗಿನ ನ್ಯೂಕ್ಲಿಯಸ್ ಎರಡಾಗುತ್ತದೆ, ನಾಲ್ಕಾಗುತ್ತದೆ, ಎಂಟಾಗುತ್ತದೆ, ಹೀಗೆ ದ್ವಿಗುಣವಾಗುತ್ತಲೇ ಹೋಗುತ್ತದೆ. ಆದರೆ ಕೋಶ ಮಾತ್ರ ಬಹಳ ಹೊತ್ತು ಒಂದೇ ಚೀಲವಾಗಿ ಉಳಿಯುತ್ತದೆ. ಕೊನೆಗೆ ಒಳಗಿನದೆಲ್ಲ ತುಂಡು ತುಂಡಾಗಿ ಸಾವಿರಾರು ಮರಿಕಣಗಳಾಗುತ್ತದೆ. ಬಲಿತ ಒಂದು ಚೀಲದಲ್ಲಿ 12ರಿಂದ 16 ಸಾವಿರದವರೆಗೂ ಇರಬಹುದು. ಹಲಸಿನ ಹಣ್ಣಿನಲ್ಲಿ ತೊಳೆ ತುಂಬಿದಂತೆ ಅನ್ನೋಣವೆಂದರೆ ಹಲಸಿನಲ್ಲಿ ಅಷ್ಟು ತೊಳೆ ಎಲ್ಲಿ! ಆಮೇಲೆ ಚೀಲದ ಒಂದು ಬದಿ ತೆರೆದು ಕಣಗಳು ಹೊರಬೀಳುತ್ತವೆ, ಮತ್ತೆ ಮೊದಲಿನಿಂದ ಶುರು. ಗಡ್ಡೆಯ ಮೇಲೆ ಬರಿಗಣ್ಣಿಗೆ ಕಾಣುವ ಬಿಳಿ ಚುಕ್ಕೆಗಳು ಈ ಚೀಲಗಳೇ. ಕೆಂಪು ಗಡ್ಡೆ, ಮೇಲೆ ಬಿಳಿ ಚುಕ್ಕೆ. ಅದಕ್ಕೇ ಸ್ಟ್ರಾಬೆರಿಯಂತಿದೆ ಎನ್ನುತ್ತಾರೆ ವೈದ್ಯರು.

ಮುಂದಿನ ಪ್ರಶ್ನೆ, ಇದು ಯಾವ ಜಾತಿ? ಆಗ ಜೀವಿಗಳನ್ನು ಹಾಕಲು ಹೆಚ್ಚಿನವರ ಕೈಯಲ್ಲಿ ಇದ್ದದ್ದು ಎರಡೇ ಪೆಟ್ಟಿಗೆ. ಒಂದು ಪ್ರಾಣಿ, ಇನ್ನೊಂದು ಸಸ್ಯ. ಶಿಲೀಂಧ್ರಗಳನ್ನು ಸಸ್ಯದ ಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ಇಡುತ್ತಿದ್ದರು. ಜರ್ಮನಿಯ ಹೆಕೆಲ್ 1866ರಲ್ಲೇ ಏಕಕೋಶ ಜೀವಿಗಳಿಗಾಗಿ ಪ್ರೊಟಿಸ್ಟಾ ಎಂಬ ಮೂರನೇ ಪೆಟ್ಟಿಗೆ ಮಾಡಿದ್ದರೂ ಅದನ್ನು ಎಲ್ಲರೂ ಒಪ್ಪಿರಲಿಲ್ಲ. ಆಶ್‌ವರ್ತ್ ತಾವು ಕಂಡ ಚೀಲವನ್ನು ಬೇರೆ ಬೇರೆ ಜೀವಿಗಳೊಂದಿಗೆ ಹೋಲಿಸಿದರು. ಮಲೇರಿಯಾ ಗುಂಪಿನ ಲಕ್ಷಣ ಹೊಂದಲಿಲ್ಲ. ನೀರಿನಲ್ಲಿರುವ ಕೈಟ್ರಿಡ್ ಎಂಬ ಸರಳ ಶಿಲೀಂಧ್ರಗಳ ಚೀಲಕ್ಕೆ ಹತ್ತಿರ ಅನ್ನಿಸಿತು. ಹಾಗಾಗಿ 1923ರಲ್ಲಿ ಎಡಿನ್‌ಬರ್ಗ್ ರಾಯಲ್ ಸೊಸೈಟಿಯ ಸಂಚಿಕೆಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ರೈನೋಸ್ಪೋರಿಡಿಯಂ ಸೀಬೆರಿಯನ್ನು ಕೆಳಮಟ್ಟದ ಶಿಲೀಂಧ್ರಗಳ ಸಾಲಿಗೆ ಸೇರಿಸಿದರು. ಆಗ ಕಣ್ಣಿಗೆ ಕಂಡ ಆಕಾರವೊಂದೇ ಸಾಕ್ಷಿ. ಆ ಸಾಕ್ಷಿಯ ಮೇಲೆ ಅದಕ್ಕಿಂತ ಒಳ್ಳೆಯ ತೀರ್ಪು ಕೊಡುವುದು ಕಷ್ಟವಿತ್ತು ಎಂದೇ ನನಗೆ ತೋರುತ್ತದೆ.

ಪ್ರೊಫೆಸರ್ ಹೋದ ಮೇಲೆ

ಆಶ್‌ವರ್ತ್ ಮತ್ತೆ ತಮ್ಮ ವಿಭಾಗದ ಕೆಲಸಕ್ಕೆ ಮರಳಿದರು. 1927ರಲ್ಲಿ ಅಲ್ಲಿನ ಹಳೆಯ ಗೌರವದ ನ್ಯಾಚುರಲ್ ಹಿಸ್ಟರಿ ಪೀಠಕ್ಕೆ ಬಂದರು. ಹೊಸ ಪ್ರಾಣಿವಿಜ್ಞಾನ ಕಟ್ಟಡಕ್ಕಾಗಿ ಓಡಾಡಿ, ಹಣ ಹೊಂದಿಸಿ, 1929ರಲ್ಲಿ ಅದನ್ನು ಮುಗಿಸಿದರು. ಅದರ ಹೊರಗೋಡೆಯ ಮೇಲೆ ಫಿಲ್ಲಿಸ್ ಬೋನ್ ಎಂಬ ಶಿಲ್ಪಿ ಕೆತ್ತಿದ ಪ್ರಾಣಿಗಳಿವೆ. ಇಂದಿಗೂ ಆ ಕಟ್ಟಡಕ್ಕೆ ಆಶ್‌ವರ್ತ್ ಲ್ಯಾಬೊರೇಟರೀಸ್ ಎಂದೇ ಹೆಸರು. ಕೊನೆಯ ವರ್ಷಗಳಲ್ಲಿ ಅವರಿಗೆ ಒಂದು ಹಳೆಯ ವಿಷಯದ ಬೆನ್ನು ಹತ್ತಿತು. 1825ರಿಂದ 1827ರವರೆಗೆ ಚಾರ್ಲ್ಸ್ ಡಾರ್ವಿನ್ ಎಡಿನ್‌ಬರ್ಗ್‌ನಲ್ಲಿ ವೈದ್ಯಕೀಯ ಓದಲು ಬಂದು, ಓದು ಬಿಟ್ಟು, ಸಮುದ್ರದಂಡೆಯ ಜೀವಿಗಳ ಹಿಂದೆ ಬಿದ್ದಿದ್ದರಲ್ಲ, ಆ ಎರಡು ವರ್ಷಗಳ ದಾಖಲೆಗಳನ್ನು ಹುಡುಕಿ ಆಶ್‌ವರ್ತ್ 1935ರಲ್ಲಿ ಪ್ರಕಟಿಸಿದರು. ಮರು ವರ್ಷ, 1936ರ ಫೆಬ್ರವರಿ 4ರಂದು ತೀರಿಕೊಂಡರು.

ಅವರ ಜೀವಿ ಮಾತ್ರ ಇಲ್ಲಿ, ನಮ್ಮ ಕಡೆ, ತನ್ನ ಪಾಡಿಗೆ ಇತ್ತು. 1933ರಲ್ಲಿ ನೊರೊನ್ಹಾ ಎಂಬ ವೈದ್ಯರು ಪುಣೆಯಲ್ಲಿ ಮರಳು ತೆಗೆಯುವ ಕೆಲಸಗಾರರಲ್ಲಿ ಈ ಕಾಯಿಲೆ ಹೆಚ್ಚಿರುವುದನ್ನು ಬರೆದರು. ನಿಂತ ನೀರು, ನದಿಯ ಮರಳು, ಅದರಲ್ಲಿ ಮುಳುಗಿ ಏಳುವ ಜನ ಎಂಬ ನಂಟು ಆಗಲೇ ಕಂಡಿತ್ತು. ಮದಗ, ಕೆರೆ, ತೋಡುಗಳಲ್ಲಿ ಈಜಿಯೇ ದೊಡ್ಡವರಾಗುವ, ನೇತ್ರಾವತಿ ಫಲ್ಗುಣಿಗಳಲ್ಲಿ ಮುಳುಗಿ ಮರಳು ಎತ್ತುವ ಜನರಿರುವ ಈ ಜಿಲ್ಲೆಯಲ್ಲಿ ಇದು ತಿಳಿದಿರಬೇಕಾದ ಮಾತು.

ಒಂದು ವಿಚಿತ್ರವೆಂದರೆ ಈ ಜೀವಿಯನ್ನು ಲ್ಯಾಬಿನಲ್ಲಿ ಬೆಳೆಸಲು ಆಗುವುದೇ ಇಲ್ಲ. ಮಾಮೂಲಿ ಶಿಲೀಂಧ್ರವನ್ನು ತಟ್ಟೆಯಲ್ಲಿ ಹಾಕಿದರೆ ಬ್ರೆಡ್ಡಿನ ಮೇಲಿನ ಬೂಷ್ಟಿನಂತೆ ಬೆಳೆಯುತ್ತದೆ. ಇದು ಬೆಳೆಯಲಿಲ್ಲ. ಶಿಲೀಂಧ್ರಕ್ಕೆ ಕೊಡುವ ಔಷಧಿಗಳಿಗೆ ಸರಿಯಾಗಿ ಬಗ್ಗಲೂ ಇಲ್ಲ. ಹೀಗಾಗಿ ಆಶ್‌ವರ್ತ್ ತೀರ್ಪಿನ ಮೇಲೆ ಗುಸುಗುಸು ಇದ್ದೇ ಇತ್ತು. ಕೆರೆಯ ನೀರನ್ನು ಹಸಿರು ಮಾಡುವ ಮೈಕ್ರೋಸಿಸ್ಟಿಸ್ ಎಂಬ ಬ್ಯಾಕ್ಟೀರಿಯಾವೇ ಇದು ಎಂಬ ವಾದವೂ 1990ರ ದಶಕದಲ್ಲಿ ನಮ್ಮ ದೇಶದಿಂದಲೇ ಬಂತು. ಮುಂದೆ ಸಿಕ್ಕ ಡಿಎನ್‌ಎ ಸಾಕ್ಷಿ ಆ ವಾದದ ಕೈಹಿಡಿಯಲಿಲ್ಲ.

ಬೆಳೆಸಲು ಆಗದ ಜೀವಿಯ ಜಾತಕ ನೋಡುವುದು ಹೇಗೆ? ರೋಗಿಯಿಂದ ಕತ್ತರಿಸಿ ತೆಗೆದ ಗಡ್ಡೆಯಿಂದಲೇ ಡಿಎನ್‌ಎ ತೆಗೆಯಬೇಕು. 1999ರಲ್ಲಿ ಶ್ರೀಲಂಕಾದ ಅರ್ಸೆಕುಲರತ್ನೆ ಅವರೂ ಇದ್ದ ತಂಡ, ಅಮೆರಿಕದ ಲಿಯೊನೆಲ್ ಮೆಂಡೋಜಾ ಮತ್ತಿತರರೊಂದಿಗೆ ಸೇರಿ ಈ ಕೆಲಸ ಮಾಡಿತು. ಎಲ್ಲ ಜೀವಿಗಳಲ್ಲೂ ಇರುವ, ನಿಧಾನವಾಗಿ ಬದಲಾಗುವ ಒಂದು ಜೀನ್ ಹಿಡಿದು ಹೋಲಿಸಿ ನೋಡಿದರು. ಮರು ವರ್ಷ ಫ್ರೆಡ್ರಿಕ್ಸ್ ಮತ್ತು ಸಂಗಡಿಗರ ಇನ್ನೊಂದು ತಂಡಕ್ಕೂ ಅದೇ ಉತ್ತರ ಬಂತು. ಶಿಲೀಂಧ್ರವಲ್ಲ. ಸಸ್ಯವಲ್ಲ. ಬ್ಯಾಕ್ಟೀರಿಯಾ ಅಲ್ಲ. ಇದರ ಹತ್ತಿರದ ನೆಂಟರು ಮೀನು ಮತ್ತು ಸಿಗಡಿಯಂತಹ ಜೀವಿಗಳ ಮೈಯಲ್ಲಿ ಬದುಕುವ ಕೆಲವು ಅಪರೂಪದ ಏಕಕೋಶ ಜೀವಿಗಳು! ಆ ಗುಂಪಿನ ಮೊದಲ ನಾಲ್ಕು ಸದಸ್ಯರ ಮೊದಲಕ್ಷರ ಸೇರಿಸಿ ಅದನ್ನು ಡ್ರಿಪ್ ಎಂದು ಕರೆಯುತ್ತಿದ್ದರು (ಆಸ್ಪತ್ರೆಯಲ್ಲಿ ಹಾಕುವ ಡ್ರಿಪ್ ಅಲ್ಲ). ಆಮೇಲೆ ಮೀಸೋಮೈಸಿಟೋಜೋವಾ ಎಂಬ ಹೆಸರು ಬಂತು. ಅದರ ಅರ್ಥ ಶಿಲೀಂಧ್ರ ಮತ್ತು ಪ್ರಾಣಿಗಳ ನಡುವಿನವು.

ತರವಾಡು ಮನೆಯ ಕವಲು

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಶಿಲೀಂಧ್ರ ಮತ್ತು ಪ್ರಾಣಿಗಳ ನಡುವೆ ಎಂದರೆ ಏನು? ಅಣಬೆ ಗಿಡದ ಹಾಗೆ ನೆಲದಿಂದ ಏಳುತ್ತದೆ, ಮಳೆಗಾಲದಲ್ಲಿ ಮಾರುಕಟ್ಟೆಗೆ ಬರುವ ಕಲ್ಲಣಬೆಯನ್ನು ನಾವು ತರಕಾರಿಯ ಲೆಕ್ಕದಲ್ಲೇ ಕೊಳ್ಳುತ್ತೇವೆ. ಆದರೆ ವಂಶಾವಳಿ ನೋಡಿದರೆ ಅಣಬೆ ಗಿಡಕ್ಕಿಂತ ನಮಗೇ ಹತ್ತಿರ. 1993ರಲ್ಲಿ ಬಾಲ್ಡಾಫ್ ಮತ್ತು ಪಾಮರ್ ಪ್ರೋಟೀನುಗಳನ್ನು ಹೋಲಿಸಿ ಇದನ್ನು ಗಟ್ಟಿಯಾಗಿ ತೋರಿಸಿದರು.

ತರವಾಡು ಮನೆಯನ್ನು ನೆನಪಿಸಿಕೊಳ್ಳಿ. ಒಂದೇ ಮೂಲದ ಮನೆ, ಕಾಲ ಕಳೆದಂತೆ ಕವಲುಗಳು ಬೇರೆ ಬೇರೆ ಊರಿಗೆ ಹೋಗುತ್ತವೆ. ನೂರು ಕೋಟಿ ವರ್ಷಕ್ಕೂ ಹಿಂದೆ ಒಂದು ಏಕಕೋಶ ಜೀವಿಯ ಮನೆತನ ಎರಡು ಕವಲಾಯಿತು. ಒಂದು ಕವಲು ಮುಂದೆ ಶಿಲೀಂಧ್ರಗಳಾಯಿತು. ಇನ್ನೊಂದು ಕವಲಿನಲ್ಲಿ ಪ್ರಾಣಿಗಳು ಹುಟ್ಟಿದವು. ಆ ಎರಡನೇ ಕವಲಿನಿಂದ, ಪ್ರಾಣಿಗಳು ಹುಟ್ಟುವುದಕ್ಕೆ ಬಹಳ ಮೊದಲೇ, ಬೇರೆಯಾಗಿ ಹೋದವರಲ್ಲಿ ಈ ರೈನೋಸ್ಪೋರಿಡಿಯಂ ಗುಂಪೂ ಒಂದು. ಸಸ್ಯಗಳದು ಬೇರೆಯೇ ಮನೆ.

ಈ ಮನೆತನಕ್ಕೆ ಒಂದು ಗುರುತಿದೆ. ಈಜುವ ಕೋಶಗಳಿಗೆ ಬಾಲದಂತಹ ಎಳೆ ಹಿಂಬದಿಗಿದ್ದು ಅದು ಕೋಶವನ್ನು ಮುಂದಕ್ಕೆ ತಳ್ಳುತ್ತದೆ. ಮನುಷ್ಯನ ವೀರ್ಯಾಣುವೂ ಹೀಗೇ, ಆಶ್‌ವರ್ತ್ ಹೋಲಿಸಿ ನೋಡಿದ ಕೈಟ್ರಿಡ್ ಶಿಲೀಂಧ್ರದ ಈಜುಕಣವೂ ಹೀಗೇ. ಬಾಲ ಹಿಂದಿರುವವು ಎಂಬ ಅರ್ಥದ ಒಪಿಸ್ತೋಕಾಂಟ್ ಎಂಬ ಹೆಸರು ಈ ದೊಡ್ಡ ಗುಂಪಿಗೆ ನಿಂತದ್ದು 1980ರ ದಶಕದಲ್ಲಿ. ಹಾಗಾಗಿ ಆಶ್‌ವರ್ತ್ ಕಂಡ ಹೋಲಿಕೆ ಬರೀ ಭ್ರಮೆಯೆಂದು ಹೇಳಲಾಗದು, ಅವರು ತಟ್ಟಿದ್ದು ದಾಯಾದಿಗಳ ಮನೆಯ ಬಾಗಿಲನ್ನು. ತಮಾಷೆಯೆಂದರೆ, ಅವರಿಗಿಂತ ಮೊದಲು ಪ್ರಾಣಿ ಎಂದಿದ್ದ ವಿದ್ಯಾರ್ಥಿ ಸೀಬೆರ್ ಸೇರಿಸಿದ ಗುಂಪೂ ತಪ್ಪು, ಆದರೆ ಕವಲಿನ ದಿಕ್ಕು ಮಾತ್ರ ಅವನದೇ ಸರಿಯಾಗಿತ್ತು.

ಈ ಗುಂಪಿನ ಬಗ್ಗೆ ವಿಜ್ಞಾನಿಗಳಿಗೆ ಈಗ ಇಷ್ಟು ಆಸೆ ಯಾಕೆಂದರೆ, ಒಂದೇ ಕೋಶದ ಜೀವಿಗಳಿಂದ ಬಹುಕೋಶದ ಪ್ರಾಣಿ ಹೇಗಾಯಿತು ಎಂಬುದಕ್ಕೆ ಇಲ್ಲಿ ಸುಳಿವುಗಳಿವೆ. ಹವಾಯಿಯ ಸಮುದ್ರದ ಕೆಸರಿನಲ್ಲಿ 2017ರಲ್ಲಿ ಸಿಕ್ಕ ಕ್ರೋಮೋಸ್ಫೇರಾ ಪರ್ಕಿನ್ಸಿ ಎಂಬ ಇದೇ ಗುಂಪಿನ ಜೀವಿ, ಬೆಳೆದ ಕೋಶವನ್ನು ಗಾತ್ರ ಹೆಚ್ಚಿಸದೆ ತುಂಡು ತುಂಡು ಮಾಡುತ್ತಾ ಹೋಗುತ್ತದೆ. ನೋಡಲು ಪ್ರಾಣಿಯ ಭ್ರೂಣದ ಮೊದಲ ದಿನಗಳ ಹಾಗೆಯೇ ಇದೆ ಎಂದು ಜಿನೀವಾದ ತಂಡವೊಂದು 2024ರಲ್ಲಿ ವರದಿ ಮಾಡಿತು.

ಈ ವಿಷಯದಿಂದ ಹುಟ್ಟುವ ಇನ್ನೊಂದು ಫಾರ್ವರ್ಡ್ ಕೂಡ ಇದೆ. ಅಣಬೆ ಪ್ರಾಣಿಗಳ ನೆಂಟ, ಆದ್ದರಿಂದ ಅದು ಮಾಂಸಾಹಾರ ಎಂದು. ನೂರು ಕೋಟಿ ವರ್ಷ ಹಿಂದಿನ ನೆಂಟಸ್ತನ ನೋಡಿ ಊಟದ ಎಲೆ ಬದಲಿಸಬೇಕಿಲ್ಲ. ಅಣಬೆಯಲ್ಲಿ ನರವಿಲ್ಲ, ರಕ್ತವಿಲ್ಲ, ಸ್ನಾಯುವಿಲ್ಲ. ತಿನ್ನುವುದು ಬಿಡುವುದು ನಿಮ್ಮ ಮನೆಯ ಪದ್ಧತಿ, ಅದಕ್ಕೆ ಡಿಎನ್‌ಎ ಸಾಕ್ಷಿ ಬೇಡ.

ಮೂಗಿನಲ್ಲಿ ಗಡ್ಡೆ ಕಂಡರೆ

ಈಗ ಕೆಲಸದ ಮಾತು. ಒಂದೇ ಮೂಗಿನ ಹೊಳ್ಳೆ ಕಟ್ಟಿಕೊಳ್ಳುವುದು, ಮೇಲಿಂದ ಮೇಲೆ ರಕ್ತ ಬರುವುದು, ಒಳಗೆ ಕೆಂಪಗೆ ಏನೋ ಬೆಳೆದಂತೆ ಕಾಣುವುದು ಇದರ ಸಾಮಾನ್ಯ ಲಕ್ಷಣ. ಕೆಲವರಿಗೆ ಕಣ್ಣಿನ ರೆಪ್ಪೆಯ ಒಳಗೂ ಬರುತ್ತದೆ. ಇದು ಕ್ಯಾನ್ಸರ್ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟಿದ್ದು ಕಂಡಿಲ್ಲ, ಆದ್ದರಿಂದ ಮನೆಯವರು ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ. ಹಾಗೆಂದು ಮೂಗಿನಲ್ಲಿ ರಕ್ತ ಬಂದದ್ದೆಲ್ಲ ಇದೇ ಕಾಯಿಲೆಯೂ ಅಲ್ಲ. ಬೇರೆ ಕಾರಣಗಳೇ ಹೆಚ್ಚು, ಅವುಗಳಲ್ಲಿ ಕೆಲವು ಗಂಭೀರವೂ ಹೌದು. ವೆನ್ಲಾಕ್ ಆಗಲಿ, ನಿಮ್ಮ ತಾಲ್ಲೂಕು ಆಸ್ಪತ್ರೆಯಾಗಲಿ, ಇಎನ್‌ಟಿ ವೈದ್ಯರಿಗೆ ತೋರಿಸಿದರೆ ತಿಳಿಯುತ್ತದೆ.

ಗಡ್ಡೆಯನ್ನು ಮನೆಯಲ್ಲಿ ಕೀಳಲು ಹೋಗಬೇಡಿ. ಅದರಲ್ಲಿ ರಕ್ತನಾಳ ಹೆಚ್ಚು, ಮುಟ್ಟಿದರೆ ಸುರಿಯುತ್ತದೆ. ಮೂಗಿಗೆ ಎಣ್ಣೆ ಬಿಡುವುದರಿಂದಾಗಲಿ, ಅಂಗಡಿಯಿಂದ ತಂದ ಫಂಗಸ್ ಮಾತ್ರೆಯಿಂದಾಗಲಿ ಇದು ಹೋಗುವುದಿಲ್ಲ. ಆಶ್‌ವರ್ತ್ ಕಾಲದ ಶಿಲೀಂಧ್ರ ಎಂಬ ಹೆಸರು ಇಂದಿಗೂ ತೊಂದರೆ ಕೊಡುವುದು ಇಲ್ಲೇ. ಫಂಗಸ್ ಔಷಧಿಗಳಲ್ಲಿ ಹೆಚ್ಚಿನವು ಶಿಲೀಂಧ್ರದ ಕೋಶಪೊರೆಯ ಮೇಲೆ ಗುರಿಯಿಟ್ಟವು. ಇದು ಆ ಮನೆಯವನೇ ಅಲ್ಲ. ಇರುವ ಚಿಕಿತ್ಸೆ ಶಸ್ತ್ರಚಿಕಿತ್ಸೆ. ಗಡ್ಡೆಯನ್ನು ಬುಡಸಮೇತ ತೆಗೆದು, ಬುಡವನ್ನು ಸುಡುತ್ತಾರೆ. ಕಣಗಳು ಉಳಿದರೆ ಮತ್ತೆ ಬೆಳೆಯಬಹುದು, ಹಾಗಾಗಿ ವೈದ್ಯರು ಹೇಳಿದ ದಿನಕ್ಕೆ ಮರಳಿ ಹೋಗಿ ತೋರಿಸುವುದನ್ನು ಬಿಡಬಾರದು. ಮತ್ತೆ ಬರದಂತೆ ತಡೆಯಲು ಕೆಲವರಿಗೆ ಡ್ಯಾಪ್ಸೋನ್ ಎಂಬ ಕುಷ್ಠರೋಗದ ಮಾತ್ರೆ ಕೊಡುವುದುಂಟು. ಜಿ6ಪಿಡಿ ಕೊರತೆ ಇರುವವರಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು, ಆದ್ದರಿಂದ ಇನ್ನೊಬ್ಬರ ಚೀಟಿ ನೋಡಿ ನುಂಗುವ ಮಾತ್ರೆಯಲ್ಲ ಅದು.

ಕೆರೆಗೆ ಇಳಿಯಲೇಬಾರದೇ? ಲಕ್ಷಾಂತರ ಜನ ಕೆರೆ ಹೊಳೆಗಳಲ್ಲಿ ಮೀಯುತ್ತಾರೆ, ಕಾಯಿಲೆ ಬರುವುದು ಬೆರಳೆಣಿಕೆಯವರಿಗೆ. ಶ್ರೀಲಂಕಾದ ಸಂಶೋಧಕರು ಜನ ಮೀಯುವ ಕೆರೆಯ ನೀರಿನಲ್ಲೇ ಈ ಜೀವಿಯನ್ನು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಮೂಗಿನ ಒಳಪೊರೆಯಲ್ಲಿ ಗಾಯವಿದ್ದಾಗ ಅದು ಒಳಸೇರುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಹಾಗಾಗಿ ಮೂಗಿನಲ್ಲಿ ಗಾಯವಿದ್ದಾಗ, ರಕ್ತ ಬಂದು ಒಂದೆರಡು ದಿನವಷ್ಟೇ ಆಗಿರುವಾಗ, ದನ ಎಮ್ಮೆಗಳೂ ಇಳಿಯುವ ನಿಂತ ನೀರಿನಲ್ಲಿ ಮುಳುಗು ಹಾಕದಿರುವುದು ಒಳ್ಳೆಯದು. ದನಗಳಿಗೂ ಈ ಕಾಯಿಲೆ ಬರುತ್ತದೆ.

ತೆಗೆದ ಗಡ್ಡೆಯನ್ನು ಬಯಾಪ್ಸಿಗೆ ಕಳಿಸುತ್ತಾರೆ. ಡಿಎನ್‌ಎ ಪರೀಕ್ಷೆಯ ಗೋಜಿಲ್ಲ, ಒಂದು ಗಾಜಿನ ಸ್ಲೈಡ್ ಮತ್ತು ಎರಡು ಬಣ್ಣ ಸಾಕು. ಇಂದು ಮಂಗಳೂರಿನ ಪ್ಯಾಥಾಲಜಿ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಡುವ ವೈದ್ಯರಿಗೆ ಕಾಣುವುದು ದಪ್ಪ ಗೋಡೆಯ ಗುಂಡು ಚೀಲ, ಒಳಗೆ ಒತ್ತಾಗಿ ತುಂಬಿದ ಸಾವಿರಾರು ಕಣ, 1923ರಲ್ಲಿ ಆಶ್‌ವರ್ತ್ ವಿವರಿಸಿದ್ದ ಅದೇ ಚಿತ್ರ.